ಪ್ರಾಜೆಕ್ಟಿಗೆ ತಕ್ಕ ಪ್ಯಾಕೇಜ್ ಮ್ಯಾನೇಜರ್ ಆರಿಸಿಕೊಳ್ಳುವ ಬಗೆ

ಪ್ಯಾಕೇಜ್ ಮ್ಯಾನೇಜರ್ ಎಂದರೆ ಇತರರು ಬರೆದ ಲೈಬ್ರರಿಗಳನ್ನು ನಮ್ಮ ಪ್ರಾಜೆಕ್ಟಿಗೆ ತಂದು ಜೋಡಿಸುವ ಉಪಕರಣ. ಜಾವಾಸ್ಕ್ರಿಪ್ಟಿನಲ್ಲಿ ಎನ್‌ಪಿಎಂ ಬಿಟ್ಟು ಪಿಎನ್‌ಪಿಎಂಗೆ ಹೋಗಬೇಕೇ, ಪೈಥಾನಿನಲ್ಲಿ ಪಿಪ್ ಈಗಲೂ ಸಾಕೇ ಅಥವಾ ಯುವಿ ಕಲಿಯಲೇಬೇಕೇ, ಜಾವಾದಲ್ಲಿ ಮೇವನ್ ಒಳ್ಳೆಯದೋ ಗ್ರೇಡಲ್ ಒಳ್ಳೆಯದೋ ಎಂಬ ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಯಾವುದು ಬೇಗ ಇನ್‌ಸ್ಟಾಲ್ ಮಾಡುತ್ತದೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುತ್ತಾರೆ. ವೇಗಕ್ಕೆ ಬೆಲೆಯಿಲ್ಲವೆಂದಲ್ಲ, ಆದರೆ ಅದನ್ನು ನೋಡಬೇಕಾದದ್ದು ಕೊನೆಯಲ್ಲಿ. ಇಂದು ನಿಮ್ಮ ಕಂಪ್ಯೂಟರಿನಲ್ಲಿ ಓಡಿದ ಪ್ರೋಗ್ರಾಂ ಕೆಲವು ತಿಂಗಳ ನಂತರ ಇನ್ನೊಬ್ಬರ ಕಂಪ್ಯೂಟರಿನಲ್ಲಿ, ಅವೇ ಲೈಬ್ರರಿಗಳ ಅವೇ ಆವೃತ್ತಿಗಳೊಂದಿಗೆ, ಹಾಗೆಯೇ ಓಡುತ್ತದೆಯೇ ಎಂಬುದು ಮೊದಲ ಪ್ರಶ್ನೆ. ನೀವು ಕೇಳದೆ ಇದ್ದ ಕೋಡ್ ನಿಮ್ಮ ಯಂತ್ರದಲ್ಲಿ ಓಡದಂತೆ ತಡೆಯಲು ಆ ಉಪಕರಣ ಏನು ಮಾಡುತ್ತದೆ ಎಂಬುದು ಎರಡನೆಯದು. ಈ ಎರಡಕ್ಕೂ ಸಮಾಧಾನಕರ ಉತ್ತರ ಸಿಕ್ಕ ಬಳಿಕ ಉಳಿದವುಗಳಲ್ಲಿ ವೇಗವಾದದ್ದನ್ನು ಆರಿಸಿಕೊಳ್ಳಿ. ಕೆಳಗಿನ ಹಂತಗಳು ಈ ಕ್ರಮದಲ್ಲೇ ಸಾಗುತ್ತವೆ.

ಮೊದಲು ತಿಳಿದಿರಬೇಕಾದ ಪದಗಳು

ಪ್ಯಾಕೇಜ್ ಎಂದರೆ ಯಾರೋ ಬರೆದು, ಹೆಸರು ಮತ್ತು ಆವೃತ್ತಿ ಸಂಖ್ಯೆ ಕೊಟ್ಟು, ಹಂಚಲು ಸಿದ್ಧಪಡಿಸಿದ ಕೋಡಿನ ಕಟ್ಟು. ಅಂಥ ಕಟ್ಟುಗಳನ್ನು ಇಟ್ಟಿರುವ ಸರ್ವರಿಗೆ ರಿಜಿಸ್ಟ್ರಿ ಎನ್ನುತ್ತಾರೆ: ಪೈಥಾನಿಗೆ ಪೈಪಿಐ, ರಸ್ಟಿಗೆ ಕ್ರೇಟ್ಸ್ ಡಾಟ್ ಐಓ, ಜಾವಾಕ್ಕೆ ಮೇವನ್ ಸೆಂಟ್ರಲ್, ಜಾವಾಸ್ಕ್ರಿಪ್ಟಿಗೆ ಎನ್‌ಪಿಎಂ ಹೆಸರಿನದೇ ರಿಜಿಸ್ಟ್ರಿ. ನಿಮ್ಮ ಕೋಡಿಗೆ ಬೇಕಾದ ಪ್ಯಾಕೇಜ್ ನಿಮ್ಮ ಅವಲಂಬನೆ, ಅಂದರೆ ಡಿಪೆಂಡೆನ್ಸಿ. ನೀವೇ ಹೆಸರಿಸಿ ಸೇರಿಸಿದ್ದು ನೇರ ಅವಲಂಬನೆಯಾದರೆ, ಅದು ತನ್ನ ಕೆಲಸಕ್ಕೆಂದು ಜೊತೆಯಲ್ಲಿ ಕರೆತರುವುದು ಪರೋಕ್ಷ ಅವಲಂಬನೆ. ಪರೋಕ್ಷವಾದವುಗಳ ಸಂಖ್ಯೆ ನೇರವಾದವುಗಳಿಗಿಂತ ಸಾಮಾನ್ಯವಾಗಿ ಬಹಳ ಹೆಚ್ಚಿರುತ್ತದೆ, ತೊಂದರೆಗಳೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ನಿಮಗೆ ಬೇಕಾದ ಪ್ಯಾಕೇಜುಗಳನ್ನು ನೀವು ಬರೆದಿಡುವ ಕಡತ ಮ್ಯಾನಿಫೆಸ್ಟ್. ಅದರಲ್ಲಿ ಆವೃತ್ತಿಯನ್ನು ಬಹುತೇಕ ಒಂದು ವ್ಯಾಪ್ತಿಯಾಗಿ ಹೇಳಿರುತ್ತೀರಿ. ಆ ವ್ಯಾಪ್ತಿಗಳನ್ನೆಲ್ಲ ಹೊಂದಿಸಿ ಪ್ಯಾಕೇಜ್ ಮ್ಯಾನೇಜರ್ ಕೊನೆಗೆ ಆಯ್ದ ಖಚಿತ ಆವೃತ್ತಿಗಳನ್ನು, ಪರೋಕ್ಷವಾದವುಗಳನ್ನೂ ಸೇರಿಸಿ, ದಾಖಲಿಸುವ ಕಡತ ಲಾಕ್ ಫೈಲ್. ಈ ಹೊಂದಿಸುವ ಕೆಲಸಕ್ಕೆ ರೆಸಲ್ಯೂಶನ್ ಎಂದು ಹೆಸರು. ಸಿಐ ಸರ್ವರ್ ಎಂದರೆ ಯಾರಾದರೂ ಕೋಡ್ ಸೇರಿಸಿದಾಗಲೆಲ್ಲ ತಾನಾಗಿಯೇ ಬಿಲ್ಡ್, ಅಂದರೆ ಕೋಡನ್ನು ಓಡಿಸಬಹುದಾದ ರೂಪಕ್ಕೆ ತರುವ ಕೆಲಸ, ಮತ್ತು ಪರೀಕ್ಷೆಗಳನ್ನು ನಡೆಸುವ ಯಂತ್ರ.

ಹಂತ 1: ಸಿಸ್ಟಮ್ಮಿನದು ಯಾವುದು, ಪ್ರಾಜೆಕ್ಟಿನದು ಯಾವುದು ಎಂದು ಬೇರ್ಪಡಿಸಿ

ಡೆಬಿಯನ್ ಮತ್ತು ಉಬುಂಟುವಿನ ಆಪ್ಟ್, ಫೆಡೋರಾದ ಡಿಎನ್‌ಎಫ್, ಮ್ಯಾಕ್ ಬಳಕೆದಾರರ ಹೋಂಬ್ರೂ ಇವೆಲ್ಲ ಇಡೀ ಯಂತ್ರಕ್ಕೆ ಸಂಬಂಧಿಸಿದ ಪ್ಯಾಕೇಜ್ ಮ್ಯಾನೇಜರುಗಳು. ಎನ್‌ಪಿಎಂ, ಪಿಪ್, ಕಾರ್ಗೋ, ಕಂಪೋಸರ್, ಬಂಡ್ಲರ್ ಮೊದಲಾದವು ಒಂದು ಭಾಷೆಯ ಪ್ರಾಜೆಕ್ಟುಗಳಿಗಾಗಿ ಇರುವಂಥವು. ಪ್ರಾಜೆಕ್ಟಿನ ಲೈಬ್ರರಿಗಳನ್ನು ಮೊದಲ ಗುಂಪಿನಿಂದ ಪಡೆಯಲು ಹೋಗಬೇಡಿ. ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಆದಾಗ ನಿಮ್ಮ ಲೈಬ್ರರಿಯ ಆವೃತ್ತಿಯೂ ನಿಮ್ಮನ್ನು ಕೇಳದೆ ಬದಲಾಗುತ್ತದೆ, ಎರಡು ಪ್ರಾಜೆಕ್ಟುಗಳಿಗೆ ಎರಡು ಆವೃತ್ತಿಗಳು ಬೇಕಾದರೆ ದಾರಿಯೇ ಇರುವುದಿಲ್ಲ.

ಇದಕ್ಕೆ ತಿರುಗುಮುರುಗಾದ ತಪ್ಪೂ ಅಷ್ಟೇ ಸಾಮಾನ್ಯ. ಲಿನಕ್ಸಿನಲ್ಲಿ ಅಡ್ಮಿನ್ ಅಧಿಕಾರದಿಂದ ಪಿಪ್ ಓಡಿಸಿದರೆ ಆಪರೇಟಿಂಗ್ ಸಿಸ್ಟಮ್ ತನ್ನ ಕೆಲಸಕ್ಕೆ ನೆಚ್ಚಿಕೊಂಡಿರುವ ಪೈಥಾನ್ ಲೈಬ್ರರಿಗಳೇ ಕೆಡಬಹುದು. ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈಚೆಗೆ, ಈ ಪರಿಸರವನ್ನು ಹೊರಗಿನಿಂದ ನಿರ್ವಹಿಸಲಾಗುತ್ತಿದೆ ಎಂಬ ಎಚ್ಚರಿಕೆ ಕೊಟ್ಟು ಪಿಪ್ ನಿಂತುಬಿಡುವುದು ಇದೇ ಕಾರಣಕ್ಕೆ. ಆ ಎಚ್ಚರಿಕೆಯನ್ನು ಮೀರುವ ಆಯ್ಕೆಯನ್ನು ಸೇರಿಸಿ ಮುಂದುವರಿಯಿರಿ ಎಂಬ ಸಲಹೆ ಅಂತರ್ಜಾಲದಲ್ಲಿ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಅದನ್ನು ಪಾಲಿಸಬೇಡಿ. ಪ್ರಾಜೆಕ್ಟಿಗೊಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಆ ಪ್ರಾಜೆಕ್ಟಿಗೆ ಮಾತ್ರ ಸೇರಿದ ಪ್ರತ್ಯೇಕ ಲೈಬ್ರರಿ ಫೋಲ್ಡರ್, ಮಾಡಿಕೊಳ್ಳಿ.

ಹಂತ 2: ನಿಮ್ಮ ಭಾಷೆಯಲ್ಲಿ ಆಯ್ಕೆ ಇದೆಯೇ ಎಂದು ನೋಡಿ

ಹಲವು ಭಾಷೆಗಳಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ರಸ್ಟ್ ಬಳಸುವವರಿಗೆ ಕಾರ್ಗೋ ಭಾಷೆಯ ಜೊತೆಯಲ್ಲೇ ಬರುತ್ತದೆ, ಬೇರೆ ಹುಡುಕುವ ಅಗತ್ಯವಿಲ್ಲ. ಗೋ ಭಾಷೆಯಲ್ಲಿ 2018ರ 1.11ನೇ ಆವೃತ್ತಿಯಿಂದ ಮಾಡ್ಯೂಲ್ ವ್ಯವಸ್ಥೆ ಗೋ ಕಮಾಂಡಿನೊಳಗೇ ಇದೆ. ಅದಕ್ಕೂ ಹಿಂದಿನ ಡೆಪ್, ಗ್ಲೈಡ್ ಮುಂತಾದವನ್ನು ಬಳಸುವಂತೆ ಹೇಳುವ ಹಳೆಯ ಪಾಠಗಳನ್ನು ಬದಿಗಿಡಿ. ಪಿಎಚ್‌ಪಿಗೆ ಕಂಪೋಸರ್, ರೂಬಿಗೆ ಬಂಡ್ಲರ್ ಎಂಬುದು ಇತ್ಯರ್ಥವಾಗಿರುವ ಮಾತು. ಈ ನಾಲ್ಕು ಭಾಷೆಗಳವರು ನೇರವಾಗಿ 3ನೇ ಹಂತಕ್ಕೆ ಹೋಗಬಹುದು.

ಜಾವಾದಲ್ಲಿ ನಿಜವಾದ ಆಯ್ಕೆಯಿದೆ. ಮೇವನ್ ಮತ್ತು ಗ್ರೇಡಲ್ ಎರಡೂ ಕೇವಲ ಪ್ಯಾಕೇಜ್ ತರುವ ಉಪಕರಣಗಳಲ್ಲ, ಇಡೀ ಬಿಲ್ಡ್ ಅವುಗಳ ಕೈಯಲ್ಲಿರುತ್ತದೆ. ನಿಮ್ಮ ಬಿಲ್ಡ್ ಸಾಮಾನ್ಯ ಸ್ವರೂಪದ್ದಾಗಿದ್ದರೆ ಮೇವನ್ ಸಾಕು: ಅದರ ಎಕ್ಸ್‌ಎಂಎಲ್ ಕಡತ ಉದ್ದವಾದರೂ ಎಲ್ಲರ ಪ್ರಾಜೆಕ್ಟಿನಲ್ಲೂ ಒಂದೇ ರೀತಿ ಇರುತ್ತದೆ, ಹೊಸಬರು ಬೇಗ ಓದಿಕೊಳ್ಳುತ್ತಾರೆ. ಆಂಡ್ರಾಯ್ಡ್ ಆ್ಯಪ್ ಆಗಿದ್ದರೆ ಅಥವಾ ಬಿಲ್ಡಿನ ಮಧ್ಯೆ ನಿಮ್ಮದೇ ಆದ ಕೆಲಸಗಳು ಹಲವಿದ್ದರೆ ಗ್ರೇಡಲ್ ಸೂಕ್ತ. ಒಂದು ಲೈಬ್ರರಿಯ ಎರಡು ಆವೃತ್ತಿಗಳು ಎದುರಾದಾಗ ಇವೆರಡೂ ಬೇರೆ ಬೇರೆ ತೀರ್ಮಾನ ಮಾಡುತ್ತವೆ ಎಂಬುದನ್ನು ಮಾತ್ರ ಮರೆಯಬೇಡಿ. ಅವಲಂಬನೆಗಳ ಮರದಲ್ಲಿ ನಿಮ್ಮ ಪ್ರಾಜೆಕ್ಟಿಗೆ ಹತ್ತಿರವಿರುವ ಆವೃತ್ತಿಯನ್ನು, ಅದು ಹಳೆಯದಾದರೂ, ಮೇವನ್ ಎತ್ತಿಕೊಳ್ಳುತ್ತದೆ. ಗ್ರೇಡಲ್ ಹೊಸದನ್ನು ಎತ್ತಿಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಒಂದು ಸಾಲು ಕೋಡ್ ಬದಲಾಗದೆಯೂ ಪ್ರೋಗ್ರಾಂ ಬೇರೆಯಾಗಿ ವರ್ತಿಸಲು ಇದು ಕಾರಣವಾಗುತ್ತದೆ. ಬದಲಾಯಿಸುವ ಮುನ್ನ ಮತ್ತು ನಂತರ ಅವಲಂಬನೆಗಳ ಮರವನ್ನು ಕಡತಕ್ಕೆ ಬರೆಸಿಕೊಂಡು ಹೋಲಿಸಿ ನೋಡಿ.

ಆಯ್ಕೆ ನಿಜಕ್ಕೂ ತೊಡಕಾಗುವುದು ಜಾವಾಸ್ಕ್ರಿಪ್ಟ್ ಮತ್ತು ಪೈಥಾನುಗಳಲ್ಲಿ. ಅವುಗಳನ್ನು 4 ಮತ್ತು 5ನೇ ಹಂತಗಳಲ್ಲಿ ಬೇರೆಬೇರೆಯಾಗಿ ನೋಡೋಣ.

ಹಂತ 3: ಲಾಕ್ ಫೈಲ್ ಹೇಗಿದೆ, ಅದನ್ನು ಪಾಲಿಸುವ ಕಮಾಂಡ್ ಯಾವುದು ಎಂದು ಪರೀಕ್ಷಿಸಿ

ಈ ಲೇಖನದಲ್ಲಿ ಒಂದೇ ಹಂತವನ್ನು ಓದಲು ನಿಮಗೆ ಸಮಯವಿದೆ ಎಂದಾದರೆ ಇದನ್ನು ಓದಿ.

ಹೆಚ್ಚಿನ ಪ್ಯಾಕೇಜುಗಳು ಸೆಮ್‌ವರ್ ಎಂಬ ಪದ್ಧತಿಯಂತೆ ಮೂರು ಅಂಕಿಗಳ ಆವೃತ್ತಿ ಇಟ್ಟುಕೊಳ್ಳುತ್ತವೆ. 1.4.2 ಎಂಬುದರಲ್ಲಿ 1 ಬದಲಾದರೆ ಹಳೆಯ ಕೋಡ್ ಮುರಿಯಬಹುದು, 4 ಬದಲಾದರೆ ಹೊಸ ಸೌಲಭ್ಯ ಬಂದಿದೆ, 2 ಬದಲಾದರೆ ದೋಷ ತಿದ್ದಲಾಗಿದೆ ಎಂದು ಅರ್ಥ. ಇದು ಲೇಖಕರು ಕೊಡುವ ಮಾತು, ಯಂತ್ರ ಪರಿಶೀಲಿಸಿ ಕೊಟ್ಟ ಖಾತ್ರಿಯಲ್ಲ. ದೋಷ ತಿದ್ದಿದ ಆವೃತ್ತಿಯೇ ಇನ್ನೊಬ್ಬರ ಪ್ರೋಗ್ರಾಮನ್ನು ಕೆಡಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಆದ್ದರಿಂದ ಮ್ಯಾನಿಫೆಸ್ಟಿನಲ್ಲಿರುವ ವ್ಯಾಪ್ತಿಯನ್ನು ಮಾತ್ರ ನಂಬಿಕೊಂಡರೆ ನೀವು ಸೋಮವಾರ ಮಾಡಿದ ಬಿಲ್ಡ್ ಮತ್ತು ಶುಕ್ರವಾರ ಮಾಡಿದ ಬಿಲ್ಡ್ ಒಂದೇ ಆಗಿರಬೇಕಾಗಿಲ್ಲ.

ಆ ವ್ಯಾಪ್ತಿಯನ್ನು ಬರೆಯುವ ರೀತಿಯಲ್ಲೂ ಬಲೆಗಳಿವೆ. ಎನ್‌ಪಿಎಂ ಮ್ಯಾನಿಫೆಸ್ಟಿನಲ್ಲಿ ^1.4.2 ಎಂದರೆ 1.4.2ರಿಂದ ಹಿಡಿದು 2.0.0 ಮುಟ್ಟದಷ್ಟು ಯಾವುದಾದರೂ ಸರಿ, ~1.4.2 ಎಂದರೆ 1.4ರೊಳಗೆ ಮಾತ್ರ. ಆದರೆ ^0.4.2 ಎಂದಾಗ ಮೇಲಿನ ಮಿತಿ 1.0.0 ಅಲ್ಲ, 0.5.0. ಇನ್ನೂ ಗಮನಿಸಬೇಕಾದದ್ದು, ಯಾವ ಚಿಹ್ನೆಯೂ ಇಲ್ಲದೆ 1.4.2 ಎಂದು ಬರೆದರೆ ಎನ್‌ಪಿಎಂ ಅದನ್ನು ಆ ಒಂದೇ ಆವೃತ್ತಿ ಎಂದು ತಿಳಿಯುತ್ತದೆ, ಕಾರ್ಗೋ ಅದನ್ನೇ ^1.4.2 ಎಂದು ಓದುತ್ತದೆ. ಎರಡು ಭಾಷೆಗಳಲ್ಲಿ ಕೆಲಸ ಮಾಡುವ ತಂಡಗಳು ಇಲ್ಲಿ ಎಡವುತ್ತವೆ.

ಒಳ್ಳೆಯ ಲಾಕ್ ಫೈಲಿನಲ್ಲಿ ಮೂರು ಸಂಗತಿಗಳು ಇರಬೇಕು: ಪರೋಕ್ಷವಾದವೂ ಸೇರಿ ಎಲ್ಲ ಪ್ಯಾಕೇಜುಗಳ ಖಚಿತ ಆವೃತ್ತಿ, ಅವು ಎಲ್ಲಿಂದ ಬಂದವು ಎಂಬ ಮಾಹಿತಿ, ಮತ್ತು ಪ್ರತಿ ಪ್ಯಾಕೇಜಿನ ಹ್ಯಾಶ್. ಹ್ಯಾಶ್ ಎಂದರೆ ಕಡತದ ಒಳಗಿನದ್ದರಿಂದ ಲೆಕ್ಕ ಹಾಕಿ ತೆಗೆದ ಗುರುತು. ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ, ಹಾಗಾಗಿ ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದರೆ ತಿಳಿಯುತ್ತದೆ. ಗೋ ಭಾಷೆಯಲ್ಲಿ ವ್ಯವಸ್ಥೆ ಸ್ವಲ್ಪ ಬೇರೆ. ಅಲ್ಲಿ ಎಲ್ಲರ ಬೇಡಿಕೆಯನ್ನೂ ಪೂರೈಸುವ ಆವೃತ್ತಿಗಳಲ್ಲಿ ಅತ್ಯಂತ ಹಳೆಯದನ್ನು ಆರಿಸುವ ನಿಯಮವಿರುವುದರಿಂದ ಮ್ಯಾನಿಫೆಸ್ಟೇ ಆವೃತ್ತಿಗಳನ್ನು ನಿರ್ಧರಿಸಿಬಿಡುತ್ತದೆ, ಗೋ ಸಮ್ ಎಂಬ ಕಡತ ಹ್ಯಾಶ್‌ಗಳನ್ನು ಕಾಯುತ್ತದೆ. ಮೇವನ್‌ಗೆ ತನ್ನದೇ ಆದ ಲಾಕ್ ಫೈಲ್ ಇಲ್ಲ. ಅಲ್ಲಿ ಆವೃತ್ತಿಗಳನ್ನು ವ್ಯಾಪ್ತಿಯಾಗಿ ಬರೆಯದೆ ಖಚಿತವಾಗಿ ಬರೆಯುವ ರೂಢಿಯೇ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಗ್ರೇಡಲ್‌ನಲ್ಲಿ ಲಾಕ್ ಮಾಡುವ ಸೌಲಭ್ಯವಿದ್ದರೂ ಅದನ್ನು ನೀವಾಗಿ ಚಾಲೂ ಮಾಡಬೇಕು.

ಲಾಕ್ ಫೈಲ್ ಇದ್ದರಷ್ಟೇ ಸಾಲದು, ಅದನ್ನು ಪಾಲಿಸುವ ಕಮಾಂಡನ್ನೇ ಸಿಐ ಸರ್ವರಿನಲ್ಲಿ ಬಳಸಬೇಕು. ಎನ್‌ಪಿಎಂ ಇನ್‌ಸ್ಟಾಲ್ ಎಂಬ ಕಮಾಂಡ್ ಮ್ಯಾನಿಫೆಸ್ಟಿಗೂ ಲಾಕ್ ಫೈಲಿಗೂ ಹೊಂದಿಕೆಯಾಗದಿದ್ದರೆ ಲಾಕ್ ಫೈಲನ್ನೇ ತಿದ್ದಿ ಮುಂದೆ ಹೋಗುತ್ತದೆ. ಎನ್‌ಪಿಎಂ ಸಿಐ ಎಂಬ ಕಮಾಂಡ್ ಹಾಗೆ ಮಾಡದೆ ದೋಷ ತೋರಿಸಿ ನಿಲ್ಲುತ್ತದೆ, ನಮಗೆ ಬೇಕಾದದ್ದು ಅದೇ. ಪಿಎನ್‌ಪಿಎಂಗೆ ಫ್ರೋಜನ್ ಲಾಕ್‌ಫೈಲ್, ಜಾವಾಸ್ಕ್ರಿಪ್ಟಿನ ಇನ್ನೊಂದು ಉಪಕರಣ ಯಾರ್ನ್‌ನ ಹೊಸ ಪೀಳಿಗೆಗೆ ಇಮ್ಯೂಟಬಲ್, ಕಾರ್ಗೋ ಮತ್ತು ಯುವಿಗೆ ಲಾಕ್ಡ್ ಎಂಬ ಆಯ್ಕೆಗಳು ಇದೇ ಕೆಲಸ ಮಾಡುತ್ತವೆ. ಕಂಪೋಸರ್‌ನಲ್ಲಿ ಇನ್‌ಸ್ಟಾಲ್ ಎಂಬುದು ಲಾಕ್ ಫೈಲನ್ನು ಓದುತ್ತದೆ, ಅಪ್‌ಡೇಟ್ ಎಂಬುದು ಅದನ್ನು ಹೊಸದಾಗಿ ಬರೆಯುತ್ತದೆ. ಸರ್ವರಿನಲ್ಲಿ ಎಂದಿಗೂ ಅಪ್‌ಡೇಟ್ ಓಡಿಸಬೇಡಿ.

ಲಾಕ್ ಫೈಲನ್ನು ಗಿಟ್‌ಗೆ, ಅಂದರೆ ಕೋಡಿನ ಬದಲಾವಣೆಗಳ ಇತಿಹಾಸ ಕಾಯುವ ವ್ಯವಸ್ಥೆಗೆ, ಸೇರಿಸಬೇಕೇ ಎಂದು ಹಲವರು ಕೇಳುತ್ತಾರೆ. ನೀವು ಕಟ್ಟುತ್ತಿರುವುದು ಆ್ಯಪ್ ಅಥವಾ ಸರ್ವರ್ ಪ್ರೋಗ್ರಾಂ ಆಗಿದ್ದರೆ ಖಂಡಿತ ಸೇರಿಸಬೇಕು. ಇತರರು ಬಳಸುವ ಲೈಬ್ರರಿಯಾಗಿದ್ದರೂ ಸೇರಿಸುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಏಕೆಂದರೆ ನಿಮ್ಮ ಪರೀಕ್ಷೆಗಳು ಸ್ಥಿರವಾಗಿರುತ್ತವೆ. ಆದರೆ ಲೈಬ್ರರಿಯನ್ನು ಬಳಸುವವರ ಮೇಲೆ ನಿಮ್ಮ ಲಾಕ್ ಫೈಲಿನ ಪ್ರಭಾವ ಬೀಳುವುದಿಲ್ಲ, ಅವರಿಗೆ ಮ್ಯಾನಿಫೆಸ್ಟಿನ ವ್ಯಾಪ್ತಿಯೇ ಪ್ರಮಾಣ. ಹಾಗಾಗಿ ಲೈಬ್ರರಿ ಬರೆಯುವವರು ಆಗಾಗ ಲಾಕ್ ಇಲ್ಲದೆ, ಇತ್ತೀಚಿನ ಆವೃತ್ತಿಗಳೊಂದಿಗೂ ಪರೀಕ್ಷೆ ಓಡಿಸಬೇಕು.

ಎರಡು ಗಿಟ್ ಶಾಖೆಗಳು ಸೇರುವಾಗ ಲಾಕ್ ಫೈಲಿನಲ್ಲಿ ಸಂಘರ್ಷ ಬಂದರೆ ಕೈಯಿಂದ ತಿದ್ದಲು ಹೋಗಬೇಡಿ. ಮ್ಯಾನಿಫೆಸ್ಟನ್ನು ಸರಿಪಡಿಸಿ, ಇನ್‌ಸ್ಟಾಲ್ ಕಮಾಂಡ್ ಓಡಿಸಿದರೆ ಅದು ಲಾಕ್ ಫೈಲನ್ನು ಸರಿಯಾಗಿ ಬರೆಯುತ್ತದೆ. ಇಡೀ ಲಾಕ್ ಫೈಲನ್ನು ಅಳಿಸಿ ಹೊಸದು ಮಾಡುವುದು ಸುಲಭವೆನಿಸಿದರೂ, ಆಗ ನಿಮಗೆ ಸಂಬಂಧವೇ ಇಲ್ಲದ ನೂರಾರು ಪ್ಯಾಕೇಜುಗಳು ಒಂದೇ ಏಟಿಗೆ ಬದಲಾಗಬಹುದು.

ಹಂತ 4: ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಾಗಿದ್ದರೆ

ಎನ್‌ಪಿಎಂ 2010ರಲ್ಲಿ ಬಂತು. ಅದರ ನಿಧಾನಗತಿ ಮತ್ತು ಅನಿಶ್ಚಿತತೆಗೆ ಉತ್ತರವಾಗಿ 2016ರಲ್ಲಿ ಫೇಸ್‌ಬುಕ್ ಇತರ ಕಂಪನಿಗಳ ಜೊತೆಗೂಡಿ ಯಾರ್ನ್ ಪ್ರಕಟಿಸಿತು. ತಾನಾಗಿಯೇ ಹುಟ್ಟುವ ಲಾಕ್ ಫೈಲ್ ಅದರ ಮುಖ್ಯ ಕೊಡುಗೆ. ಮರುವರ್ಷ ಎನ್‌ಪಿಎಂ 5 ಕೂಡ ಅಂಥದೇ ಲಾಕ್ ಫೈಲ್ ತಂದಿತು. ಹೀಗಾಗಿ ಎನ್‌ಪಿಎಂ ಆವೃತ್ತಿಗಳನ್ನು ಹಿಡಿದಿಡುವುದಿಲ್ಲ ಎಂಬ ದೂರು ಇಂದು ಸಲ್ಲುವುದಿಲ್ಲ.

ಇಂದಿನ ವ್ಯತ್ಯಾಸ ಇರುವುದು ಇಳಿಸಿದ ಪ್ಯಾಕೇಜುಗಳನ್ನು ಇಡುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಜೋಡಿಸುವ ರೀತಿಯಲ್ಲಿ. ಎನ್‌ಪಿಎಂ ಮತ್ತು ಹಳೆಯ ಯಾರ್ನ್ ಪರೋಕ್ಷ ಅವಲಂಬನೆಗಳನ್ನೂ ಸಾಧ್ಯವಾದಷ್ಟು ಮೇಲಿನ ಮಟ್ಟಕ್ಕೆ ತಂದು ಒಂದೇ ಸಾಲಿನಲ್ಲಿ ಇಡುತ್ತವೆ. ಇದರಿಂದ ನೀವು ಮ್ಯಾನಿಫೆಸ್ಟಿನಲ್ಲಿ ಹೆಸರಿಸದ ಪ್ಯಾಕೇಜನ್ನೂ ನಿಮ್ಮ ಕೋಡ್ ಇಂಪೋರ್ಟ್ ಮಾಡಿಕೊಳ್ಳಬಲ್ಲದು. ಇಂಥವನ್ನು ಫ್ಯಾಂಟಮ್ ಅವಲಂಬನೆ ಎನ್ನುತ್ತಾರೆ. ಅದನ್ನು ಕರೆತಂದಿದ್ದ ಲೈಬ್ರರಿ ಮುಂದಿನ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರೆ ನಿಮ್ಮ ಕೋಡ್ ನಿಂತುಹೋಗುತ್ತದೆ, ಕಾರಣ ಹುಡುಕಲು ಬಹಳ ಹೊತ್ತು ಬೇಕಾಗುತ್ತದೆ. ಪಿಎನ್‌ಪಿಎಂ ಪ್ರತಿ ಪ್ಯಾಕೇಜಿನ ಕಡತಗಳನ್ನು ಡಿಸ್ಕಿನಲ್ಲಿ ಒಂದೇ ಕಡೆ ಇಟ್ಟು, ಎಲ್ಲ ಪ್ರಾಜೆಕ್ಟುಗಳಿಗೂ ಅಲ್ಲಿಂದ ಕೊಂಡಿ ಹಾಕುತ್ತದೆ ಮತ್ತು ನೀವು ಹೆಸರಿಸಿದ್ದನ್ನು ಮಾತ್ರ ನಿಮ್ಮ ಕೋಡಿಗೆ ಕಾಣಿಸುತ್ತದೆ. ಡಿಸ್ಕ್ ಜಾಗ ಉಳಿಯುವುದನ್ನು ಎಲ್ಲರೂ ಹೊಗಳುತ್ತಾರೆ. ಈ ಕಟ್ಟುನಿಟ್ಟೇ ಅದರ ಹೆಚ್ಚಿನ ಗುಣವೆಂದು ನಾನು ಭಾವಿಸುತ್ತೇನೆ.

ಹೊಸ ಯಾರ್ನ್ ಇನ್ನೂ ಮುಂದೆ ಹೋಗಿ, ಪ್ಲಗ್ ಎನ್ ಪ್ಲೇ ಎಂಬ ವಿಧಾನದಲ್ಲಿ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೇ ಇಲ್ಲವಾಗಿಸುತ್ತದೆ. ಚೆನ್ನಾಗಿ ಕೂಡಿಬಂದರೆ ಇದು ಸೊಗಸಾದ ವ್ಯವಸ್ಥೆ, ಆದರೆ ಆ ಫೋಲ್ಡರ್ ಇದ್ದೇ ಇರುತ್ತದೆ ಎಂದು ನಂಬಿಕೊಂಡ ಎಡಿಟರ್ ಮತ್ತು ಬಿಲ್ಡ್ ಉಪಕರಣಗಳು ಇನ್ನೂ ಇವೆ. 2023ರಲ್ಲಿ 1.0 ತಲುಪಿದ ಬನ್ ಬಹಳ ವೇಗದ್ದು, ಎನ್‌ಪಿಎಂ ಮ್ಯಾನಿಫೆಸ್ಟನ್ನೇ ಓದುತ್ತದೆ. ಅದರ ಹಳೆಯ ಲಾಕ್ ಫೈಲ್ ಬೈನರಿ ರೂಪದಲ್ಲಿದ್ದು ಏನು ಬದಲಾಯಿತೆಂದು ಕಣ್ಣಿಗೆ ಕಾಣುತ್ತಿರಲಿಲ್ಲ, 1.2ರಿಂದ ಪಠ್ಯ ರೂಪದ್ದೇ ಸಹಜ ಆಯ್ಕೆಯಾಗಿದೆ.

ನನ್ನ ಶಿಫಾರಸು ಹೀಗಿದೆ. ನೀವು ಕಲಿಯುತ್ತಿದ್ದರೆ ಅಥವಾ ಪ್ರಾಜೆಕ್ಟ್ ಸಣ್ಣದಾಗಿದ್ದರೆ ಎನ್‌ಪಿಎಂನಲ್ಲೇ ಇರಿ, ಅದು ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೊತೆಯಲ್ಲೇ ಬರುತ್ತದೆ. ಒಂದೇ ರೆಪಾಸಿಟರಿಯಲ್ಲಿ ಹಲವು ಪ್ಯಾಕೇಜುಗಳಿರುವ ಮೊನೊರೆಪೊ ಆಗಿದ್ದರೆ ಅಥವಾ ತಂಡ ಬೆಳೆಯುತ್ತಿದ್ದರೆ ಪಿಎನ್‌ಪಿಎಂ ತೆಗೆದುಕೊಳ್ಳಿ. ಈಗಾಗಲೇ ಯಾರ್ನ್‌ನಲ್ಲಿ ಸುಗಮವಾಗಿ ನಡೆಯುತ್ತಿರುವ ಪ್ರಾಜೆಕ್ಟನ್ನು ಕದಲಿಸುವ ಅಗತ್ಯವಿಲ್ಲ, ಆದರೆ ಮೊದಲ ಪೀಳಿಗೆಯ ಯಾರ್ನ್ 1ರಲ್ಲಿ ಹೊಸ ಪ್ರಾಜೆಕ್ಟ್ ಆರಂಭಿಸಬೇಡಿ; ಅದು ಬೆಳವಣಿಗೆ ನಿಲ್ಲಿಸಿದೆ. ಪಿಎನ್‌ಪಿಎಂನ ಕೊಂಡಿಗಳು ಒಂದೇ ಫೈಲ್ ಸಿಸ್ಟಮ್ಮಿನೊಳಗೆ ಮಾತ್ರ ಸಾಧ್ಯ ಎಂಬುದೂ ನೆನಪಿರಲಿ. ಸಂಗ್ರಹ ಒಂದು ಡಿಸ್ಕಿನಲ್ಲಿ, ಪ್ರಾಜೆಕ್ಟ್ ಇನ್ನೊಂದರಲ್ಲಿ ಇದ್ದರೆ ಕಡತಗಳು ನಕಲಾಗುತ್ತವೆ, ಜಾಗ ಉಳಿಯುವುದಿಲ್ಲ.

ಹಂತ 5: ಪೈಥಾನ್ ಪ್ರಾಜೆಕ್ಟಾಗಿದ್ದರೆ

ಪೈಥಾನಿನ ಗೊಂದಲಕ್ಕೆ ಕಾರಣವೆಂದರೆ ನಾಲ್ಕು ಕೆಲಸಗಳನ್ನು ಬಹುಕಾಲ ನಾಲ್ಕು ಉಪಕರಣಗಳು ಮಾಡುತ್ತಿದ್ದವು: ಪೈಥಾನಿನ ಆವೃತ್ತಿ ತರುವುದು, ವರ್ಚುವಲ್ ಎನ್ವಿರಾನ್‌ಮೆಂಟ್ ಕಟ್ಟುವುದು, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವುದು, ಆವೃತ್ತಿಗಳನ್ನು ಲಾಕ್ ಮಾಡುವುದು. ಪಿಪ್ ಮೂರನೆಯದನ್ನು ಮಾತ್ರ ಮಾಡುತ್ತಿತ್ತು. ಪಿಪ್ ಫ್ರೀಜ್ ಕಮಾಂಡಿನಿಂದ ಪಡೆದ ರಿಕ್ವೈರ್‌ಮೆಂಟ್ಸ್ ಕಡತವನ್ನೇ ಲಾಕ್ ಫೈಲ್ ಎಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಆ ಎನ್ವಿರಾನ್‌ಮೆಂಟಿನಲ್ಲಿ ಆ ಕ್ಷಣ ಏನಿತ್ತೋ ಅದನ್ನೆಲ್ಲ ಅದು ಪಟ್ಟಿ ಮಾಡುತ್ತದೆ. ನೀವು ಕೇಳಿದ್ದು ಯಾವುದು, ತಾನಾಗಿ ಬಂದದ್ದು ಯಾವುದು ಎಂಬ ಭೇದ ಅಲ್ಲಿಲ್ಲ, ಹ್ಯಾಶ್‌ಗಳೂ ಇಲ್ಲ. ನಿಮ್ಮ ಮ್ಯಾಕ್‌ನಲ್ಲಿ ತೆಗೆದ ಪಟ್ಟಿ ಲಿನಕ್ಸ್ ಸರ್ವರಿಗೆ ಒಗ್ಗದೆಯೂ ಹೋಗಬಹುದು.

ಪಿಪ್‌ನಲ್ಲೇ ಇರಬಯಸುವವರು ಪಿಪ್ ಟೂಲ್ಸ್ ಸೇರಿಸಿಕೊಳ್ಳಿ: ನೇರ ಅವಲಂಬನೆಗಳನ್ನು ಒಂದು ಕಡತದಲ್ಲಿ ಬರೆದು, ಹ್ಯಾಶ್ ಸೇರಿಸುವ ಆಯ್ಕೆಯನ್ನು ಕೊಟ್ಟರೆ ಅದು ಹ್ಯಾಶ್ ಸಹಿತವಾದ ಪೂರ್ಣ ಪಟ್ಟಿಯನ್ನು ಇನ್ನೊಂದು ಕಡತದಲ್ಲಿ ಕೊಡುತ್ತದೆ. ಪೊಯೆಟ್ರಿ ಎನ್ವಿರಾನ್‌ಮೆಂಟ್, ಲಾಕ್ ಫೈಲ್ ಮತ್ತು ಪ್ರಕಟಣೆಯನ್ನು ಒಂದೇ ಕಡೆ ತಂದಿತು, ಇಂದಿಗೂ ನಂಬಿಕೆಗೆ ಅರ್ಹವಾದ ಉಪಕರಣ. 2024ರ ಫೆಬ್ರುವರಿಯಲ್ಲಿ ಆಸ್ಟ್ರಲ್ ಕಂಪನಿ ಬಿಡುಗಡೆ ಮಾಡಿದ, ರಸ್ಟ್‌ನಲ್ಲಿ ಬರೆದ ಯುವಿ ಈಗ ಆ ನಾಲ್ಕೂ ಕೆಲಸಗಳನ್ನು ಮಾಡುತ್ತದೆ. ಅದರ ಲಾಕ್ ಫೈಲ್ ಒಂದೇ ಕಡತದಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ಮುಗಳಿಗೆ ಬೇಕಾದದ್ದನ್ನು ಹಿಡಿದಿಡುತ್ತದೆ. ಇಂದು ಹೊಸ ಪೈಥಾನ್ ಪ್ರಾಜೆಕ್ಟ್ ಆರಂಭಿಸುವವರಿಗೆ ನಾನು ಯುವಿಯನ್ನೇ ಸೂಚಿಸುತ್ತೇನೆ. ಯಾವುದನ್ನು ಆರಿಸಿದರೂ ಪ್ರಾಜೆಕ್ಟಿನ ವಿವರಗಳನ್ನು ಪೈಪ್ರಾಜೆಕ್ಟ್ ಟಾಮಲ್ ಕಡತದ ಪ್ರಮಾಣಿತ ಪ್ರಾಜೆಕ್ಟ್ ವಿಭಾಗದಲ್ಲಿ ಬರೆಯಿರಿ. ಮುಂದೆ ಉಪಕರಣ ಬದಲಿಸಿದರೂ ಆ ಭಾಗ ಹಾಗೆಯೇ ಉಳಿಯುತ್ತದೆ.

ಕಾಂಡಾ ಬೇರೆಯೇ ಜಾತಿಯದು. ಅದು ಪೈಥಾನ್ ಅಲ್ಲದ, ಸಿ ಅಥವಾ ಫೋರ್ಟ್ರಾನ್‌ನಲ್ಲಿ ಬರೆದ ಲೈಬ್ರರಿಗಳನ್ನೂ ಕಂಪೈಲರುಗಳನ್ನೂ ತರಬಲ್ಲದು. ವೈಜ್ಞಾನಿಕ ಲೆಕ್ಕಾಚಾರದಲ್ಲಿ ಅಂಥವು ಬೇಕಾದರೆ ಅದನ್ನು ಆರಿಸಿ, ಕೇವಲ ನಂಪೈ ಅಥವಾ ಪಾಂಡಾಸ್ ಬೇಕೆಂದು ಅದರತ್ತ ಹೋಗಬೇಕಾಗಿಲ್ಲ. ಅವು ಮೊದಲೇ ಕಂಪೈಲ್ ಮಾಡಿದ ವೀಲ್ ಕಡತಗಳಾಗಿ ಪೈಪಿಐನಲ್ಲೇ ಸಿಗುತ್ತವೆ. ಕಾಂಡಾ ಮತ್ತು ಪಿಪ್ ಬೆರೆಸಲೇಬೇಕಾದರೆ ಮೊದಲು ಕಾಂಡಾದಿಂದ ಬರಬೇಕಾದದ್ದನ್ನೆಲ್ಲ ತಂದು ನಂತರ ಪಿಪ್ ಬಳಸಿ. ಕಂಪನಿಯ ಕೆಲಸಕ್ಕಾಗಿದ್ದರೆ ಕಾಂಡಾದ ಹಿಂದಿರುವ ಅನಕೊಂಡಾ ಕಂಪನಿಯ ಮೂಲ ಚಾನೆಲ್ಲಿನ, ಅಂದರೆ ಪ್ಯಾಕೇಜ್ ಸಂಗ್ರಹದ, ಷರತ್ತುಗಳನ್ನು ಓದಿಕೊಳ್ಳಿ, ದೊಡ್ಡ ಸಂಸ್ಥೆಗಳಿಗೆ ಅದು ಉಚಿತವಲ್ಲ. ಸಮುದಾಯದವರು ನಡೆಸುವ ಕಾಂಡಾ ಫೋರ್ಜ್ ಚಾನೆಲ್ಲಿಗೆ ಶುಲ್ಕವಿಲ್ಲ.

ಹಂತ 6: ಸುರಕ್ಷತೆಯ ದೃಷ್ಟಿಯಿಂದ ಪರಿಶೀಲಿಸಿ

2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂ ರಿಜಿಸ್ಟ್ರಿಯಿಂದ ತೆಗೆದಾಗ ಜಗತ್ತಿನಾದ್ಯಂತ ಅಸಂಖ್ಯ ಬಿಲ್ಡುಗಳು ನಿಂತವು. ಆ ಬಳಿಕ ಎನ್‌ಪಿಎಂ ತೆಗೆದುಹಾಕುವ ನಿಯಮಗಳನ್ನು ಬಿಗಿಗೊಳಿಸಿತು. ಕ್ರೇಟ್ಸ್ ಡಾಟ್ ಐಓದಲ್ಲಿ ಪ್ರಕಟವಾದ ಆವೃತ್ತಿಯನ್ನು ಲೇಖಕರು ಸಾಮಾನ್ಯವಾಗಿ ಯಾಂಕ್ ಮಾತ್ರ ಮಾಡುತ್ತಾರೆ, ಅಂದರೆ ಹೊಸಬರು ಅದನ್ನು ಆರಿಸಿಕೊಳ್ಳದಂತೆ ತಡೆಯುತ್ತಾರೆ; ಲಾಕ್ ಫೈಲಿನಲ್ಲಿ ಈಗಾಗಲೇ ಇರುವವರಿಗೆ ಅದು ಸಿಗುತ್ತಲೇ ಇರುತ್ತದೆ. ನಿಮ್ಮ ರಿಜಿಸ್ಟ್ರಿಯ ನಿಯಮ ಏನೆಂದು ತಿಳಿದುಕೊಳ್ಳಿ.

ಅದಕ್ಕಿಂತ ದೊಡ್ಡ ಅಪಾಯ ಇನ್‌ಸ್ಟಾಲ್ ಸ್ಕ್ರಿಪ್ಟುಗಳದು. ಪ್ಯಾಕೇಜ್ ಇಳಿದ ಕೂಡಲೇ, ನೀವು ಅದನ್ನು ಬಳಸುವ ಮೊದಲೇ, ಅದರೊಳಗಿನ ಕೋಡ್ ನಿಮ್ಮ ಅಧಿಕಾರದಲ್ಲಿ ಓಡಬಲ್ಲದು. 2025ರ ಸೆಪ್ಟೆಂಬರಿನಲ್ಲಿ ಎನ್‌ಪಿಎಂ ರಿಜಿಸ್ಟ್ರಿಯಲ್ಲಿ ಶಾಯ್ ಹುಲುದ್ ಎಂಬ ಹುಳು ಹರಡಿದ್ದು ಹೀಗೆಯೇ: ಡೆವಲಪರುಗಳ ರಹಸ್ಯ ಟೋಕನ್ ಕದ್ದು, ಅವರದೇ ಹೆಸರಿನಲ್ಲಿ ಅವರ ಇತರ ಪ್ಯಾಕೇಜುಗಳಿಗೂ ತನ್ನನ್ನು ಸೇರಿಸಿಕೊಂಡು ಪ್ರಕಟಿಸುತ್ತಿತ್ತು. ಪಿಎನ್‌ಪಿಎಂ 10 ಮತ್ತು ಬನ್ ಇಂಥ ಸ್ಕ್ರಿಪ್ಟುಗಳನ್ನು ಸಹಜವಾಗಿ ತಡೆದು, ನೀವು ಒಪ್ಪಿದವನ್ನು ಮಾತ್ರ ಓಡಿಸುತ್ತವೆ; ಬನ್ ತನ್ನದೇ ನಂಬಿಕೆಯ ಪಟ್ಟಿಯಲ್ಲಿರುವವನ್ನೂ ಓಡಿಸುತ್ತದೆ. ಎನ್‌ಪಿಎಂನಲ್ಲಿ ಇಗ್ನೋರ್ ಸ್ಕ್ರಿಪ್ಟ್ಸ್ ಎಂಬ ಸೆಟ್ಟಿಂಗ್ ಇದೆ. ಪೈಥಾನಿನಲ್ಲಿ ಮೂಲ ರೂಪದ ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವಾಗ ಕೋಡ್ ಓಡಿಸುತ್ತವೆ, ವೀಲ್ ಕಡತಗಳನ್ನು ಮಾತ್ರ ಸ್ವೀಕರಿಸುವಂತೆ ಪಿಪ್‌ಗೆ ಹೇಳಬಹುದು. ಕಾರ್ಗೋದಲ್ಲಿ ಬಿಲ್ಡ್ ಸ್ಕ್ರಿಪ್ಟುಗಳು ಕಂಪೈಲ್ ಆಗುವಾಗ ಓಡುತ್ತವೆ. ಗೋ ಮಾತ್ರ ಮಾಡ್ಯೂಲ್ ಇಳಿಸುವಾಗ ಅದರ ಯಾವ ಕೋಡನ್ನೂ ಓಡಿಸುವುದಿಲ್ಲ.

ಹೊಸ ಆವೃತ್ತಿಗಳನ್ನು ಬಂದ ದಿನವೇ ತೆಗೆದುಕೊಳ್ಳಬೇಡಿ. ಇಂಥ ದಾಳಿಗಳಲ್ಲಿ ಹಲವನ್ನು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಪತ್ತೆಹಚ್ಚಿ ತೆಗೆಯುತ್ತಾರೆ. ಇಷ್ಟು ಕಾಲ ಕಳೆಯದ ಆವೃತ್ತಿ ಬೇಡ ಎಂದು ಪಿಎನ್‌ಪಿಎಂಗೆ 2025ರಿಂದ ಹೇಳಬಹುದಾಗಿದೆ. ಯುವಿಗೂ ನಿರ್ದಿಷ್ಟ ದಿನಾಂಕದ ನಂತರ ಬಂದವನ್ನು ಹೊರಗಿಡುವಂತೆ ಸೂಚಿಸಬಹುದು.

ನಿಮ್ಮ ಕಂಪನಿಗೆ ಖಾಸಗಿ ರಿಜಿಸ್ಟ್ರಿ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ನಿಮ್ಮ ಒಳಗಿನ ಪ್ಯಾಕೇಜಿನ ಹೆಸರನ್ನೇ ಯಾರಾದರೂ ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ದೊಡ್ಡ ಆವೃತ್ತಿ ಸಂಖ್ಯೆಯೊಂದಿಗೆ ಪ್ರಕಟಿಸಿದರೆ ಉಪಕರಣ ಅದನ್ನೇ ತರಬಹುದು. ಡಿಪೆಂಡೆನ್ಸಿ ಕನ್‌ಫ್ಯೂಶನ್ ಎಂಬ ಈ ದೌರ್ಬಲ್ಯವನ್ನು ಸಂಶೋಧಕ ಅಲೆಕ್ಸ್ ಬಿರ್ಸನ್ 2021ರಲ್ಲಿ ಹಲವು ದೊಡ್ಡ ಕಂಪನಿಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಪಿಪ್‌ಗೆ ಹೆಚ್ಚುವರಿ ಇಂಡೆಕ್ಸ್, ಅಂದರೆ ಇನ್ನೊಂದು ರಿಜಿಸ್ಟ್ರಿ, ಸೇರಿಸುವ ಆಯ್ಕೆ ಎರಡೂ ರಿಜಿಸ್ಟ್ರಿಗಳನ್ನು ಸಮಾನವಾಗಿ ಕಾಣುವುದರಿಂದ ಈ ಬಲೆಗೆ ಸುಲಭವಾಗಿ ಬೀಳುತ್ತದೆ. ಯುವಿ ಆ ಹೆಸರು ಮೊದಲು ಸಿಕ್ಕ ಇಂಡೆಕ್ಸಿನಲ್ಲೇ ನಿಲ್ಲುತ್ತದೆ. ಎನ್‌ಪಿಎಂ ರಿಜಿಸ್ಟ್ರಿ ಬಳಸುವವರು ಕಂಪನಿಯ ಹೆಸರಿನ ಸ್ಕೋಪ್, ಅಂದರೆ ಪ್ಯಾಕೇಜ್ ಹೆಸರಿಗಿಂತ ಮೊದಲು ಬರುವ ಕುಲನಾಮ, ಇಟ್ಟುಕೊಂಡು ಅದನ್ನು ಖಾಸಗಿ ರಿಜಿಸ್ಟ್ರಿಗೆ ಕಟ್ಟಿಹಾಕಲಿ.

ದೋಷಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುವ ಎನ್‌ಪಿಎಂ ಆಡಿಟ್, ಪಿಪ್ ಆಡಿಟ್, ಕಾರ್ಗೋ ಆಡಿಟ್‌ಗಳನ್ನು ಸಿಐನಲ್ಲಿ ಓಡಿಸಿ. ಆದರೆ ಎನ್‌ಪಿಎಂನ ಬಲವಂತವಾಗಿ ಸರಿಪಡಿಸುವ ಆಯ್ಕೆಯನ್ನು ಕಣ್ಣುಮುಚ್ಚಿ ಒತ್ತಬೇಡಿ, ಅದು ಹಳೆಯ ಕೋಡ್ ಮುರಿಯುವಂಥ ಆವೃತ್ತಿಗಳನ್ನೂ ತಂದು ಹಾಕುತ್ತದೆ.

ಹಂತ 7: ನಿಮ್ಮದೇ ಪ್ರಾಜೆಕ್ಟಿನಲ್ಲಿ ಪ್ರಯೋಗ ಮಾಡಿ

ಇಷ್ಟರಲ್ಲಿ ಒಂದೋ ಎರಡೋ ಹೆಸರು ಉಳಿದಿರುತ್ತವೆ. ಪ್ರತ್ಯೇಕ ಗಿಟ್ ಶಾಖೆ ಮಾಡಿಕೊಂಡು, ರೆಪಾಸಿಟರಿಯನ್ನು ಖಾಲಿ ಫೋಲ್ಡರಿಗೆ ಹೊಸದಾಗಿ ಇಳಿಸಿ, ಇನ್‌ಸ್ಟಾಲ್ ಮಾಡಿ ಪರೀಕ್ಷೆಗಳನ್ನು ಓಡಿಸಿ. ತಂಡದಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮ್ ಬಳಸುವವರೂ ಇದನ್ನೇ ಮಾಡಲಿ. ಇಬ್ಬರ ಲಾಕ್ ಫೈಲಿನಲ್ಲೂ ಯಾವ ಬದಲಾವಣೆಯೂ ಕಾಣಬಾರದು. ಆಮೇಲೆ ಬೇಕೆಂದೇ ಮ್ಯಾನಿಫೆಸ್ಟಿನಲ್ಲಿ ಒಂದು ಆವೃತ್ತಿ ಬದಲಿಸಿ, ಲಾಕ್ ಫೈಲನ್ನು ಹಾಗೆಯೇ ಬಿಟ್ಟು, ಸಿಐ ಕಮಾಂಡ್ ದೋಷ ತೋರಿಸುತ್ತದೆಯೇ ಎಂದು ನೋಡಿ. ತೋರಿಸದಿದ್ದರೆ ನಿಮ್ಮ ವ್ಯವಸ್ಥೆಯಲ್ಲಿ 3ನೇ ಹಂತ ಇನ್ನೂ ಮುಗಿದಿಲ್ಲ.

ವೇಗವನ್ನು ಅಳೆಯುವುದು ಈಗ. ಕ್ಯಾಶ್, ಅಂದರೆ ಹಿಂದೆ ಇಳಿಸಿಕೊಂಡ ಪ್ಯಾಕೇಜುಗಳ ಸಂಗ್ರಹ, ಖಾಲಿಯಿದ್ದಾಗ ಒಮ್ಮೆ, ತುಂಬಿದ್ದಾಗ ಒಮ್ಮೆ ಅಳೆಯಿರಿ; ಜಾಹೀರಾತಿನಲ್ಲಿ ಬರುವ ಅಂಕಿಗಳು ಬಹುತೇಕ ಎರಡನೆಯ ಬಗೆಯವು. ಪ್ರೋಗ್ರಾಮನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಒಂದೇ ಕಟ್ಟಾಗಿ ಮಾಡುವ ಡಾಕರ್ ಬಳಸುವವರು ಮೊದಲು ಮ್ಯಾನಿಫೆಸ್ಟ್ ಮತ್ತು ಲಾಕ್ ಫೈಲ್ ಮಾತ್ರ ನಕಲಿಸಿ ಇನ್‌ಸ್ಟಾಲ್ ಮಾಡಿ, ನಂತರ ಉಳಿದ ಕೋಡನ್ನು ನಕಲಿಸುವಂತೆ ಡಾಕರ್ ಕಡತ ಬರೆದರೆ, ಅವಲಂಬನೆಗಳು ಬದಲಾಗದ ಬಿಲ್ಡುಗಳಲ್ಲಿ ಇನ್‌ಸ್ಟಾಲ್ ಹಂತವೇ ಮತ್ತೆ ನಡೆಯುವುದಿಲ್ಲ. ಪ್ಯಾಕೇಜ್ ಮ್ಯಾನೇಜರ್ ಬದಲಿಸುವುದಕ್ಕಿಂತ ಈ ಸಣ್ಣ ಬದಲಾವಣೆಯಿಂದಲೇ ಹಲವರಿಗೆ ಹೆಚ್ಚು ಸಮಯ ಉಳಿಯುತ್ತದೆ.

ಹಂತ 8: ಬದಲಾಯಿಸಿ, ಒಂದನ್ನೇ ಉಳಿಸಿ, ಅದರ ಆವೃತ್ತಿಯನ್ನೂ ಕಟ್ಟಿಹಾಕಿ

ಉಪಕರಣ ಬದಲಿಸುವಾಗ ಪ್ಯಾಕೇಜುಗಳ ಆವೃತ್ತಿಗಳನ್ನೂ ಅದೇ ಬದಲಾವಣೆಯಲ್ಲಿ ಏರಿಸಬೇಡಿ. ಏನಾದರೂ ಮುರಿದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ಪಿಎನ್‌ಪಿಎಂನ ಇಂಪೋರ್ಟ್ ಕಮಾಂಡ್ ಎನ್‌ಪಿಎಂ ಅಥವಾ ಯಾರ್ನ್ ಲಾಕ್ ಫೈಲನ್ನು ಓದಿ ಅವೇ ಆವೃತ್ತಿಗಳೊಂದಿಗೆ ತನ್ನ ಲಾಕ್ ಫೈಲ್ ಬರೆಯುತ್ತದೆ. ಎನ್‌ಪಿಎಂನಿಂದ ಪಿಎನ್‌ಪಿಎಂಗೆ ಬಂದ ಕೂಡಲೇ ಕೆಲವು ಇಂಪೋರ್ಟುಗಳು ಸಿಗುತ್ತಿಲ್ಲ ಎಂಬ ದೋಷ ಬಂದರೆ ಗಾಬರಿಯಾಗಬೇಡಿ. ಅವು ಮೊದಲಿನಿಂದಲೂ ಅಡಗಿದ್ದ ಫ್ಯಾಂಟಮ್ ಅವಲಂಬನೆಗಳು, ಒಂದೊಂದನ್ನೂ ಮ್ಯಾನಿಫೆಸ್ಟಿಗೆ ಸೇರಿಸಿ.

ಕೆಲಸ ಮುಗಿದ ಮೇಲೆ ಹಳೆಯ ಲಾಕ್ ಫೈಲನ್ನು ತಪ್ಪದೆ ಅಳಿಸಿ. ಒಂದೇ ಪ್ರಾಜೆಕ್ಟಿನಲ್ಲಿ ಎರಡು ಲಾಕ್ ಫೈಲುಗಳಿದ್ದರೆ ತಂಡದ ಅರ್ಧ ಜನ ಒಂದನ್ನು, ಉಳಿದವರು ಇನ್ನೊಂದನ್ನು ನವೀಕರಿಸುತ್ತಾರೆ, ಹೋಸ್ಟಿಂಗ್ ಸೇವೆಗಳು ತಮಗೆ ಮೊದಲು ಕಂಡದ್ದನ್ನು ಹಿಡಿದು ಬಿಲ್ಡ್ ಮಾಡುತ್ತವೆ.

ಪ್ಯಾಕೇಜ್ ಮ್ಯಾನೇಜರಿನ ಆವೃತ್ತಿಯೂ ಎಲ್ಲರಲ್ಲಿ ಒಂದೇ ಇರಬೇಕು, ಏಕೆಂದರೆ ಲಾಕ್ ಫೈಲಿನ ಸ್ವರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಗ್ರೇಡಲ್ ಮತ್ತು ಮೇವನ್‌ಗೆ ರ‍್ಯಾಪರ್ ಎಂಬ ಸ್ಕ್ರಿಪ್ಟ್ ಇದೆ. ಅದನ್ನು ರೆಪಾಸಿಟರಿಯಲ್ಲಿ ಇಟ್ಟರೆ ಸರಿಯಾದ ಆವೃತ್ತಿ ತಾನಾಗಿ ಇಳಿಯುತ್ತದೆ. ರಸ್ಟ್‌ನಲ್ಲಿ ಟೂಲ್‌ಚೈನ್ ಕಡತ ಈ ಕೆಲಸ ಮಾಡುತ್ತದೆ. ಜಾವಾಸ್ಕ್ರಿಪ್ಟ್ ಮ್ಯಾನಿಫೆಸ್ಟಿನ ಪ್ಯಾಕೇಜ್ ಮ್ಯಾನೇಜರ್ ಎಂಬ ಸಾಲಿನಲ್ಲಿ ಹೆಸರು ಮತ್ತು ಆವೃತ್ತಿ ಬರೆಯಬಹುದು, ಕೋರ್‌ಪ್ಯಾಕ್ ಎಂಬ ಸಹಾಯಕ ಅದನ್ನು ಪಾಲಿಸುತ್ತದೆ. ಆದರೆ ನೋಡ್ 25ರಿಂದ ಕೋರ್‌ಪ್ಯಾಕ್ ಜೊತೆಯಲ್ಲಿ ಬರುವುದಿಲ್ಲ, ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಸಿಐ ಸರ್ವರಿನಲ್ಲಿ ನೋಡ್ ಆವೃತ್ತಿ ಏರಿಸುವ ಮುನ್ನ ಇದನ್ನು ಗಮನಿಸಿ.

ಕೊನೆಯದಾಗಿ ರೀಡ್‌ಮಿ ಕಡತದಲ್ಲಿ ಮೂರು ಕಮಾಂಡುಗಳನ್ನು ಬರೆದಿಡಿ: ಲಾಕ್ ಫೈಲಿನಂತೆ ಇನ್‌ಸ್ಟಾಲ್ ಮಾಡಲು ಯಾವುದು, ಹೊಸ ಪ್ಯಾಕೇಜ್ ಸೇರಿಸಲು ಯಾವುದು, ಒಂದೇ ಪ್ಯಾಕೇಜಿನ ಆವೃತ್ತಿ ಏರಿಸಲು ಯಾವುದು. ತಂಡಕ್ಕೆ ಹೊಸದಾಗಿ ಸೇರಿದವರು ಯಾರನ್ನೂ ಕೇಳದೆ ಆ ಮೂರರಿಂದ ಪ್ರಾಜೆಕ್ಟನ್ನು ಓಡಿಸುವಂತಾದರೆ ನೀವು ಮಾಡಬೇಕಾದ ಕೆಲಸ ಮುಗಿದಿದೆ.